ದೊಡ್ಡವರ ಎಡಿಎಚ್‌ಡಿ ಔಷಧಿಗಳು: ಗಡಿಯಾರ ಮುಂದಿಟ್ಟುಕೊಂಡು ಓದಿ

ಎಡಿಎಚ್‌ಡಿ ಅಂದರೆ ಗಮನ ನಿಲ್ಲದಿರುವುದು, ಚಡಪಡಿಕೆ, ದುಡುಕು ಕಾಡುವ ತೊಂದರೆ. ಈ ಪಾಠದ ಔಷಧಿ ಹೆಸರುಗಳನ್ನು ಬರೀ ಬಾಯಿಪಾಠ ಮಾಡಿದರೆ ತಲೆಯಲ್ಲಿ ನಿಲ್ಲುವುದಿಲ್ಲ. ಪ್ರತಿ ಔಷಧಿಗೂ ಎರಡು ಪ್ರಶ್ನೆ ಕೇಳಿ: ಯಾವಾಗ ಕೆಲಸ ಶುರು, ಎಷ್ಟು ಹೊತ್ತು ಇರುತ್ತದೆ?

ಮೊದಲು ಸ್ಟಿಮ್ಯುಲೆಂಟ್‌ಗಳು, ಅಂದರೆ ಮೆದುಳನ್ನು ಚುರುಕು ಮಾಡುವ ಔಷಧಿಗಳು. ಚುರುಕು ಮಾಡುವ ಔಷಧಿಯಿಂದ ಚಡಪಡಿಕೆ ಹೇಗೆ ಕಡಿಮೆಯಾಗುತ್ತದೆ ಅಂತ ಅನಿಸುತ್ತದೆ, ಅಲ್ವಾ? ಗಮನ ಹಿಡಿದಿಡುವುದು, ದುಡುಕದಂತೆ ತಡೆಯುವುದು ಮೆದುಳಿನ ಮುಂಭಾಗದ ಕೆಲಸ. ಅಲ್ಲಿ ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮೈನ್, ನಾರ್‌ಅಡ್ರಿನಲಿನ್ ಜಾಸ್ತಿ ಸಿಕ್ಕಿದರೆ ಆ ಹಿಡಿತ ಬಲವಾಗುತ್ತದೆ. ನರಕೋಶ ಇವೆರಡನ್ನೂ ವಾಪಸ್ ಎಳೆದುಕೊಳ್ಳದಂತೆ ಮಿಥೈಲ್‌ಫೆನಿಡೇಟ್ ತಡೆಯುತ್ತದೆ. ಆಂಫೆಟಮೈನ್ ಅಷ್ಟಕ್ಕೇ ನಿಲ್ಲದೆ ಕೋಶದ ಒಳಗಿರುವುದನ್ನೂ ಹೊರಕ್ಕೆ ತಳ್ಳುತ್ತದೆ.

ಈಗ ಗಡಿಯಾರಕ್ಕೆ ಬನ್ನಿ. ಸಾದಾ ಮಿಥೈಲ್‌ಫೆನಿಡೇಟ್ ಇರುವುದು 3ರಿಂದ 4 ಗಂಟೆ ಮಾತ್ರ. ಅಂದರೆ ದಿನಕ್ಕೆ ಎರಡು ಮೂರು ಸಲ ನುಂಗಬೇಕು, ಮರೆವೇ ದೊಡ್ಡ ತೊಂದರೆಯಾಗಿರುವವರಿಗೆ ಮಧ್ಯಾಹ್ನದ ಮಾತ್ರೆ ನೆನಪಿಟ್ಟುಕೊಳ್ಳುವುದು ನಿಜಕ್ಕೂ ಕಷ್ಟ. ಅದಕ್ಕೇ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳು ಬಂದವು. ಇವುಗಳಲ್ಲಿ ಓರೋಸ್ ಅನ್ನುವ ಬಗೆ ನನಗೆ ಬಹಳ ಇಷ್ಟ. ಹೊರಲೇಪದಲ್ಲಿರುವ ಸ್ವಲ್ಪ ಔಷಧಿ ಮೊದಲು ಕರಗುತ್ತದೆ. ಆಮೇಲೆ ಗಟ್ಟಿ ಕವಚದೊಳಗೆ ನೀರು ಇಳಿದು ಒಂದು ಪದರ ಉಬ್ಬುತ್ತದೆ, ಅದು ಉಳಿದ ಔಷಧಿಯನ್ನು ತುದಿಯಲ್ಲಿ ಲೇಸರ್‌ನಿಂದ ಕೊರೆದ ಸಣ್ಣ ತೂತಿನಿಂದ ಹೊರಗೆ ತಳ್ಳುತ್ತಾ ಹೋಗುತ್ತದೆ. ಹೀಗೆ 10ರಿಂದ 12 ಗಂಟೆ. ಖಾಲಿ ಕವಚ ಮಲದಲ್ಲಿ ಹಾಗೇ ಬರುತ್ತದೆ. ಇದನ್ನು ರೋಗಿಗೆ ಮೊದಲೇ ಹೇಳಿ, ಇಲ್ಲವಾದರೆ ಮಾತ್ರೆ ಕರಗಲೇ ಇಲ್ಲ ಅಂತ ಗಾಬರಿಯಾಗುತ್ತಾರೆ. ಮುರಿಯಬಾರದು, ಅಗಿಯಲೂಬಾರದು.

ಇನ್ನೊಂದು ಸ್ಟಿಮ್ಯುಲೆಂಟ್ ಲಿಸ್‌ಡೆಕ್ಸ್‌ಆಂಫೆಟಮೈನ್, ಇದು ನುಂಗುವಾಗ ನಿಷ್ಕ್ರಿಯ. ರಕ್ತದ ಕೆಂಪು ಕಣಗಳು ಅದಕ್ಕೆ ಅಂಟಿಕೊಂಡಿರುವ ಲೈಸಿನ್ ಅನ್ನುವ ಅಮೈನೋ ಆಮ್ಲವನ್ನು ಕಳಚಿದ ಮೇಲೆ ಆಂಫೆಟಮೈನ್ ಸಿಗುತ್ತದೆ. ದೊಡ್ಡವರಲ್ಲಿ ಸುಮಾರು 14 ಗಂಟೆವರೆಗೂ ಪರಿಣಾಮ ಇರಬಹುದು, ಹಾಗಾಗಿ ಬೆಳಗ್ಗೆಯೇ ತೆಗೆದುಕೊಳ್ಳಬೇಕು. ತಡವಾದರೆ ನಿದ್ದೆ ಕೆಡುತ್ತದೆ.

ಸ್ಟಿಮ್ಯುಲೆಂಟ್ ಯಾವುದೇ ಆಗಲಿ, ಹಸಿವು ಕಡಿಮೆಯಾಗಬಹುದು, ಬಿಪಿ, ನಾಡಿಬಡಿತ ಏರಬಹುದು. ಶುರು ಮಾಡುವ ಮೊದಲು ಇವನ್ನೂ ತೂಕವನ್ನೂ ನೋಡಬೇಕು, ಡೋಸ್ ಬದಲಿಸಿದಾಗ ಮತ್ತೆ ನೋಡಬೇಕು. ಹೃದಯದ ತೊಂದರೆ, ಸೈಕೋಸಿಸ್ (ಭ್ರಮೆಗಳಿಂದ ವಾಸ್ತವದ ಅರಿವು ತಪ್ಪುವುದು), ಚಟದ ಹಿನ್ನೆಲೆ ಕೇಳದೆ ಬರೆಯಬಾರದು. ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್‌ನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿ ದೊಡ್ಡವರಿಗೆ ಮೊದಲು ಹೇಳುವುದು ಲಿಸ್‌ಡೆಕ್ಸ್‌ಆಂಫೆಟಮೈನ್ ಅಥವಾ ಮಿಥೈಲ್‌ಫೆನಿಡೇಟ್. ಸರಿಯಾದ ಡೋಸ್‌ನಲ್ಲಿ 6 ವಾರ ನೋಡಿಯೂ ಪ್ರಯೋಜನ ಸಾಲದಿದ್ದರೆ ಇನ್ನೊಂದಕ್ಕೆ ಬದಲಿಸಬಹುದು.

ಅಟೊಮಾಕ್ಸೆಟಿನ್ ಗಡಿಯಾರವೇ ಬೇರೆ. ಇದು ಸ್ಟಿಮ್ಯುಲೆಂಟ್ ಅಲ್ಲ, ತಡೆಯುವುದು ನಾರ್‌ಅಡ್ರಿನಲಿನ್ ಮರುಹೀರಿಕೆಯನ್ನು. ಆದರೂ ಮೆದುಳಿನ ಮುಂಭಾಗದಲ್ಲಿ ಡೋಪಮೈನ್ ಕೂಡ ಏರುತ್ತದೆ, ಏಕೆಂದರೆ ಅಲ್ಲಿ ಡೋಪಮೈನನ್ನು ಹೆಚ್ಚಾಗಿ ಎಳೆದುಕೊಳ್ಳುವುದು ನಾರ್‌ಅಡ್ರಿನಲಿನನ್ನು ಕೋಶದೊಳಕ್ಕೆ ಸಾಗಿಸುವ ಪ್ರೋಟೀನ್‌ಗಳೇ. ಪರೀಕ್ಷೆಯಲ್ಲಿ ಕೇಳುವಂಥ ವಿಷಯ, ಗುರುತು ಹಾಕಿಕೊಳ್ಳಿ. ಗುಣ ಕಾಣಲು ವಾರಗಟ್ಟಲೆ ಬೇಕು. "ನಾಲ್ಕು ದಿನ ತಗೊಂಡೆ, ಏನೂ ಆಗ್ಲಿಲ್ಲ" ಅಂತ ಸುಮ್ನೆ ಬಿಟ್ಟುಬಿಡುವವರು ಇದ್ದಾರೆ, ಮೊದಲ ದಿನವೇ ವಿವರಿಸಿದರೆ ಅದು ತಪ್ಪುತ್ತದೆ. ಅಟೊಮಾಕ್ಸೆಟಿನನ್ನು ಒಡೆಯುವುದು ಯಕೃತ್ತಿನ ಸಿವೈಪಿ2ಡಿ6 ಕಿಣ್ವ. ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್, ಪ್ಯಾರಾಕ್ಸೆಟಿನ್ ಆ ಕಿಣ್ವವನ್ನು ತಡೆಯುವುದರಿಂದ ಜೊತೆಗೆ ಕೊಟ್ಟರೆ ರಕ್ತದಲ್ಲಿ ಅಟೊಮಾಕ್ಸೆಟಿನ್ ಮಟ್ಟ ಏರುತ್ತದೆ.

ಉಳಿದವು ಬೇಗ ಮುಗಿಯುತ್ತವೆ. ಸ್ಟಿಮ್ಯುಲೆಂಟ್ ಅಲ್ಲದ ವಿಲಾಕ್ಸಜಿನ್‌ಗೆ ಅಮೆರಿಕದಲ್ಲಿ ದೊಡ್ಡವರಿಗೂ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಬುಪ್ರೊಪಿಯಾನ್ ಖಿನ್ನತೆಯ ಔಷಧಿ, ಎಡಿಎಚ್‌ಡಿ ಅದರ ಅಧಿಕೃತ ಬಳಕೆ ಅಲ್ಲ, ಫಿಟ್ಸ್ ಇದ್ದವರಿಗೆ ಬೇಡ. ಗ್ವಾನ್‌ಫಸಿನ್ ಬಿಪಿಯನ್ನೂ ಇಳಿಸುವ ಔಷಧಿ, ತಟ್ಟನೆ ನಿಲ್ಲಿಸಿದರೆ ಬಿಪಿ ಜಿಗಿಯಬಹುದು.

ಇನ್ನೊಂದು. "ಮಾತ್ರೆ ಚೆನ್ನಾಗಿದೆ, ಆದರೆ ಸಂಜೆ ಯಾಕೋ ಸಿಡಿಮಿಡಿ" ಅಂತ ರೋಗಿ ಹೇಳಿದರೆ ತಕ್ಷಣ ಡೋಸ್ ಮುಟ್ಟಬೇಡಿ. ಬೆಳಗ್ಗೆ ನುಂಗಿದ್ದು ಎಷ್ಟು ಗಂಟೆಗೆ, ಸಿಡಿಮಿಡಿ ಶುರುವಾಗಿದ್ದು ಎಷ್ಟಕ್ಕೆ ಅಂತ ಕೇಳಿ ಬರೆದುಕೊಳ್ಳಿ. ಔಷಧಿ ಇಳಿಯುವ ಹೊತ್ತಿಗೇ ಅದು ಬರುತ್ತಿರಬಹುದು.