ಸೇಬು ಪ್ರೊಸೆಸಿಂಗ್: ಯಾವ ದೇಶದಲ್ಲಿ ಎಷ್ಟು, ಅದು ಹಾಗಾಗಿದ್ದು ಹೇಗೆ

ಚೀನಾದಲ್ಲಿ ವರ್ಷಕ್ಕೆ 4 ಕೋಟಿ ಟನ್‌ಗೂ ಜಾಸ್ತಿ ಸೇಬು ಬೆಳೀತಾರೆ, ಪ್ರಪಂಚದ ಒಟ್ಟು ಬೆಳೆಯಲ್ಲಿ ಹೆಚ್ಚುಕಮ್ಮಿ ಅರ್ಧ ಅಲ್ಲೇ ಆಯ್ತು. ಪೋಲೆಂಡಲ್ಲಿ 40 ಲಕ್ಷ ಟನ್ ಆಸುಪಾಸು. ಆದ್ರೆ ಪ್ರೊಸೆಸಿಂಗ್‌ಗೆ, ಅಂದ್ರೆ ಜ್ಯೂಸ್, ಸಾಸ್ ಥರದ್ದು ಮಾಡೋಕೆ ಫ್ಯಾಕ್ಟರಿಗೆ ಹೋಗೋ ಹಣ್ಣಿನ ಲೆಕ್ಕ ತೆಗೆದ್ರೆ ಇವೆರಡರ ಮಧ್ಯೆ ಅಷ್ಟು ದೊಡ್ಡ ಅಂತರ ಉಳಿಯೋದೇ ಇಲ್ಲ, ಯಾಕಂದ್ರೆ ಚೀನಾದಲ್ಲಿ ಪ್ರೊಸೆಸಿಂಗ್‌ಗೆ ಹೋಗೋದು ಹತ್ತರಲ್ಲೊಂದು ಪಾಲಿನ ಆಸುಪಾಸು, ಪೋಲೆಂಡಲ್ಲಿ ಎಷ್ಟೋ ವರ್ಷ ಅರ್ಧದಷ್ಟು ಬೆಳೆ ನೇರ ಅಲ್ಲಿಗೇ ಹೋಗತ್ತೆ. ಅಮೆರಿಕದಲ್ಲಿ ಸುಮಾರು ಮೂರರಲ್ಲೊಂದು.

ಈ ವ್ಯತ್ಯಾಸ ಯಾಕೆ ಅಂತ ಗೊತ್ತಾಗ್ಬೇಕಂದ್ರೆ ಕಾನ್ಸನ್‌ಟ್ರೇಟ್, ಅಂದ್ರೆ ಗಟ್ಟಿ ಮಾಡಿದ ಸೇಬಿನ ರಸದ ವಿಷಯದಿಂದ ಶುರು ಮಾಡ್ಬೇಕು. ರಸದಲ್ಲಿರೋ ನೀರನ್ನ ಆವಿ ಮಾಡಿ 70 ಬ್ರಿಕ್ಸ್‌ವರೆಗೂ (ಬ್ರಿಕ್ಸ್ ಅಂದ್ರೆ ರಸದಲ್ಲಿ ಸಕ್ಕರೆ ಅಂಶ ಎಷ್ಟಿದೆ ಅನ್ನೋ ಅಳತೆ) ಗಟ್ಟಿ ಮಾಡ್ತಾರೆ, ಸುಮಾರು 7 ಕೆಜಿ ಸೇಬಿಗೆ 1 ಕೆಜಿ ಸಿಗತ್ತೆ. ಅದನ್ನ ಡ್ರಮ್‌ಗೆ ತುಂಬಿ ಹಡಗಲ್ಲಿ ಎಲ್ಲಿಗೆ ಬೇಕಾದ್ರೂ ಕಳಿಸಬಹುದು, ಬೇಗ ಕೆಡಲ್ಲ. ಹಾಗಾಗಿ ಗ್ರೇಡಿಂಗಲ್ಲಿ ಬಿದ್ದುಹೋದ ಹಣ್ಣು, ಅಂದ್ರೆ ಕಲೆ ಇರೋದು, ಸೈಜ್ ಸಣ್ಣದು, ಆಲಿಕಲ್ಲು ಹೊಡೆದಿದ್ದು, ಇದೆಲ್ಲಾ ಒಂದೇ ಸಲಕ್ಕೆ ಇಂಟರ್‌ನ್ಯಾಷನಲ್ ಮಾರ್ಕೆಟ್‌ಗೆ ಬಂದ್ಬಿಡ್ತು.

ಚೀನಾದಲ್ಲಿ 1980ರ ದಶಕದ ಸುಧಾರಣೆ ಆದ್ಮೇಲೆ ಜಮೀನಿನ ಉಸ್ತುವಾರಿ ರೈತ ಕುಟುಂಬಗಳ ಕೈಗೆ ಬಂತು, ಶಾಂಕ್ಸಿ, ಶಾನ್‌ಡಾಂಗ್ ಪ್ರಾಂತ್ಯಗಳ ಕಡೆ ಫ್ಯೂಜಿ ಅನ್ನೋ ತಿನ್ನೋ ಸೇಬಿನ ತಳಿಯ ಗಿಡಗಳನ್ನ ವಿಪರೀತ ಹಾಕಿದ್ರು. ಅವು ಫಲಕ್ಕೆ ಬಂದಿದ್ದು 90ರ ದಶಕದಲ್ಲಿ, ಆಗ ತಿನ್ನೋ ಸೇಬಿಗೇ ರೇಟ್ ಬಿದ್ದುಹೋಗಿ ಉಳಿದಿದ್ದೆಲ್ಲ ಜ್ಯೂಸ್ ಪ್ಲಾಂಟ್‌ಗಳಿಗೆ ಹರಿದುಬಂತು. ಆ ಅಗ್ಗದ ಕಾನ್ಸನ್‌ಟ್ರೇಟ್ ಅಮೆರಿಕ ಸೇರಿದ್ದೇ ತಡ ಅಲ್ಲಿನ ಜ್ಯೂಸ್ ಸೇಬಿನ ರೇಟ್ ನೆಲಕಚ್ತು, ಅಲ್ಲಿನ ಜ್ಯೂಸ್ ತಯಾರಕರು 1999ರಲ್ಲಿ ದೂರು ಕೊಟ್ರು, 2000ದಲ್ಲಿ ಸರ್ಕಾರ ಆಂಟಿ ಡಂಪಿಂಗ್ ಸುಂಕ, ಅಂದ್ರೆ ತೀರಾ ಅಗ್ಗಕ್ಕೆ ತಂದು ಸುರಿಯೋ ಮಾಲಿನ ಮೇಲಿನ ಸುಂಕ ಹಾಕ್ತು. ಆದ್ರೆ ಚೀನಾದ ಕೆಲವು ಕಂಪನಿಗಳು ಅಲ್ಲಿನ ಕೋರ್ಟಿಗೇ ಹೋಗಿ ಸುಂಕದಿಂದ ತಪ್ಪಿಸ್ಕೊಂಡ್ವು, 2010ರಲ್ಲಿ ಆದೇಶವೇ ರದ್ದಾಯ್ತು.

ಅಷ್ಟರಲ್ಲಿ 2007ರಲ್ಲಿ ಚೀನಾದ ಕಾನ್ಸನ್‌ಟ್ರೇಟ್ ರಫ್ತು 10 ಲಕ್ಷ ಟನ್ ದಾಟಿತ್ತು. ಏಳರಿಂದ ಗುಣಿಸಿ ನೋಡಿ, 70 ಲಕ್ಷ ಟನ್ ಸೇಬು! ಅಮೆರಿಕ ಇಡೀ ವರ್ಷ ಬೆಳೆಯೋದೇ ಅದಕ್ಕಿಂತ ಕಮ್ಮಿ. ಆಮೇಲೆ ಇಳೀತಾ ಬಂತು, ಕಾರಣ ಚೀನಾದ ಜನರೇ ಒಳ್ಳೆ ರೇಟ್ ಕೊಟ್ಟು ಹಣ್ಣು ತಿನ್ನೋಕೆ ಶುರು ಮಾಡಿದ್ರು, ಕೂಲಿನೂ ಏರ್ತು, ಫ್ಯಾಕ್ಟರಿಗೆ ಅಗ್ಗದ ಹಣ್ಣು ಸಿಗೋದು ಕಷ್ಟ ಆಯ್ತು. 2018ರಿಂದ ಅಮೆರಿಕ ಮತ್ತೆ ಸುಂಕ ಹಾಕಿದ್ಮೇಲೆ ಆ ದಾರಿನೂ ಕಿರಿದಾಯ್ತು, ಟರ್ಕಿ, ಪೋಲೆಂಡ್ ಥರದ ದೇಶಗಳಿಗೆ ಜಾಗ ಸಿಕ್ತು.

ಪೋಲೆಂಡ್ ಕಥೆ ಬೇರೆ. ಅಲ್ಲಿನ ಸೇಬಲ್ಲಿ ಹುಳಿ ಜಾಸ್ತಿ, ಫ್ಯೂಜಿ ಬರೀ ಸಿಹಿ, ಹಾಗಾಗಿ ಜ್ಯೂಸ್ ಮಾಡೋರಿಗೆ ಪೋಲೆಂಡ್ ಮಾಲು ಬೇಕೇಬೇಕು, ಪಕ್ಕದಲ್ಲೇ ಜರ್ಮನಿಯಂಥ ಜ್ಯೂಸ್ ಪ್ರಿಯ ದೇಶನೂ ಇದೆ. ತಿನ್ನೋ ಹಣ್ಣಿಗೆ ರಷ್ಯಾನೇ ದೊಡ್ಡ ಗಿರಾಕಿ ಆಗಿತ್ತು, 2014ರ ಆಗಸ್ಟಲ್ಲಿ ಅದು ಪೋಲೆಂಡ್ ಹಣ್ಣಿನ ಆಮದು ನಿಲ್ಲಿಸಿ ಬಾಗಿಲು ಹಾಕಿದ್ಮೇಲೆ ಇನ್ನೂ ಹಣ್ಣು ಫ್ಯಾಕ್ಟರಿ ಗೇಟಿಗೆ ಬಂತು. 2017ರ ವಸಂತದಲ್ಲಿ ಹಿಮ ಬಿದ್ದು ಬೆಳೆ ಹೋಯ್ತು, 2018ರಲ್ಲಿ ದಾಖಲೆ ಬೆಳೆ ಬಂದು ಪ್ರೊಸೆಸಿಂಗ್ ಹಣ್ಣಿನ ರೇಟ್ ಪೂರ್ತಿ ಕುಸೀತು. ಆ ವರ್ಷದ ಟೇಬಲ್ ನೋಡಿದ್ರೆ ಪ್ರೊಸೆಸಿಂಗ್ ಭರ್ಜರಿ ಅನ್ಸತ್ತೆ, ಬೆಳೆದೋರಿಗೆ ಮಾತ್ರ ಅದು ನಷ್ಟದ ವರ್ಷ. ನನಗೆ ಈ ಅಂಕಿಗಳನ್ನ ನೋಡಿದಾಗೆಲ್ಲ ಬೇಜಾರಾಗೋದು ಇಲ್ಲೇ, ಟನ್ ಏರಿದ್ದನ್ನ ಬೆಳವಣಿಗೆ ಅಂತ ಬರೆದುಬಿಡ್ತಾರೆ.

ಎಲ್ಲಾ ಕಡೆನೂ ಉಳಿದ ಹಣ್ಣೇ ಹೋಗತ್ತೆ ಅಂತಲ್ಲ. ಮಿಷಿಗನ್, ನ್ಯೂಯಾರ್ಕ್, ಪೆನ್ಸಿಲ್ವೇನಿಯಾದಲ್ಲಿ ಆಪಲ್ ಸಾಸ್, ಕತ್ತರಿಸಿ ಡಬ್ಬಿಗೆ ಹಾಕೋದು, ಇದಕ್ಕಂತಲೇ ತೋಟ ಮಾಡಿರ್ತಾರೆ, ವಾಷಿಂಗ್ಟನ್ ರಾಜ್ಯದಲ್ಲಿ ಹಾಗಲ್ಲ, ಅಲ್ಲಿ ತಿನ್ನೋ ಹಣ್ಣು ಆರಿಸಿ ಮಿಕ್ಕಿದ್ದು ಜ್ಯೂಸ್‌ಗೆ. ಇಂಗ್ಲೆಂಡಿನ ಹೆರೆಫರ್ಡ್‌ಶೈರ್, ಫ್ರಾನ್ಸಿನ ನಾರ್ಮಂಡಿಯಲ್ಲಿ ಸೈಡರ್ (ಸೇಬಿನ ರಸ ಹುಳಿ ಬರಿಸಿ ಮಾಡೋ ಮದ್ಯ) ಸೇಬು ಅಂತ ಬೇರೆ ಜಾತಿಗಳೇ ಇವೆ, ಒಗರು ಕಹಿ ಇರೋದ್ರಿಂದ ಯಾರೂ ಹಾಗೇ ತಿನ್ನಲ್ಲ.

ಆದ್ದರಿಂದ ಎರಡು ಪ್ರದೇಶ ಹೋಲಿಸೋವಾಗ ಒಟ್ಟು ಟನ್ ಪಕ್ಕದಲ್ಲಿ ಬೆಳೆಯ ಎಷ್ಟನೇ ಪಾಲು ಅಂತ ನೋಡಿ, ಅದರ ಜೊತೆ ಬೆಳೆಗಾರನಿಗೆ ಸಿಕ್ಕಿದ ರೇಟೂ ನೋಡಿ. ಒಂದೇ ವರ್ಷ ಹಿಡಿದ್ರೆ ಹಿಮ, ಆಲಿಕಲ್ಲು ಬಿದ್ದ ವರ್ಷ ಸಿಕ್ಕಿಬಿಡಬಹುದು, ಐದಾರು ವರ್ಷದ ಸರಾಸರಿ ತಗೊಳ್ಳಿ. ಅಂಕಿ ಹಣ್ಣಿನ ಟನ್ನಾ, ಕಾನ್ಸನ್‌ಟ್ರೇಟ್ ಟನ್ನಾ ಅಂತನೂ ಮೊದಲೇ ಖಾತ್ರಿ ಮಾಡ್ಕೊಳ್ಳಿ, ಅಲ್ಲಿ ತಪ್ಪಿದ್ರೆ ಲೆಕ್ಕ ಏಳು ಪಟ್ಟು ಆಚೀಚೆ ಆಗತ್ತೆ.