ಸೆಲ್ಫ್ ಸ್ಟಡಿ: ಕಾಲೇಜು ತನ್ನನ್ನೇ ತಪಾಸಣೆ ಮಾಡಿಕೊಳ್ಳುವ ಬಗೆ

ಎಸ್‌ಎಸ್‌ಆರ್ (ಸೆಲ್ಫ್ ಸ್ಟಡಿ ರಿಪೋರ್ಟ್) ಅಂದರೆ ಸಾಕು, ನಮ್ಮ ಕಾಲೇಜು ಮೇಷ್ಟ್ರುಗಳಿಗೆ ಈ ಸಲದ ರಜೆ ಹೋಯಿತು ಅಂತ ಗೊತ್ತಾಗಿಬಿಡುತ್ತದೆ. ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್ ಸಂಸ್ಥೆಯ ತಂಡ ಬರುವ ಮುಂಚೆ ಕಾಲೇಜು ತನ್ನ ಬಗ್ಗೆ ತಾನೇ ಬರೆದುಕೊಡಬೇಕಾದ ವರದಿ ಅದು. ಆ ಹೆಸರಿನಲ್ಲಿರುವ ‘ಸೆಲ್ಫ್ ಸ್ಟಡಿ’ಯನ್ನು ಅಮೆರಿಕದ ಕಮ್ಯೂನಿಟಿ ಕಾಲೇಜುಗಳು ಬಹಳ ಕಾಲದಿಂದ ಮಾಡಿಕೊಂಡು ಬಂದಿವೆ. ಅಲ್ಲಿ ಅದು ಹೇಗೆ ನಡೆಯುತ್ತದೆ ಅಂತ ನೋಡಿದರೆ ಈ ಪದದ ಒಳಗೇನಿದೆ ಅಂತ ತಿಳಿಯುತ್ತದೆ.

ಕಮ್ಯೂನಿಟಿ ಕಾಲೇಜು ಅಂದರೆ ಎರಡು ವರ್ಷದ ಊರ ಕಾಲೇಜು. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಶುರುವಾದದ್ದನ್ನು ಇವುಗಳಲ್ಲಿ ಮೊದಲನೆಯದು ಅನ್ನುತ್ತಾರೆ. ಇಲ್ಲಿ ಎರಡು ವರ್ಷ ಓದಿ ವಿಶ್ವವಿದ್ಯಾಲಯಕ್ಕೆ ದಾಟಿಕೊಳ್ಳಬಹುದು. ಇಲ್ಲವೇ ನರ್ಸಿಂಗ್, ವೆಲ್ಡಿಂಗ್, ವಾಹನ ರಿಪೇರಿ ಕಲಿತು ಸೀದಾ ಕೆಲಸಕ್ಕೆ ಸೇರಬಹುದು. ಕ್ಯಾಲಿಫೋರ್ನಿಯಾ ಒಂದರಲ್ಲೇ ಸರ್ಕಾರಿ ಕಮ್ಯೂನಿಟಿ ಕಾಲೇಜುಗಳು 116 ಇವೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ನೆಂಟರಿದ್ದರೆ ಕ್ಯುಪರ್ಟಿನೊದ ಡಿ ಆಂಜಾ ಕಾಲೇಜಿನ ಹೆಸರು ಕೇಳಿರುತ್ತೀರಿ. ಅದೂ ಇದೇ ಬಗೆಯದು.

ಅಲ್ಲಿ ಕಾಲೇಜಿಗೆ ಮಾನ್ಯತೆ ಕೊಡುವುದು ಸರ್ಕಾರ ಅಲ್ಲ. ಕಾಲೇಜುಗಳೇ ಸದಸ್ಯರಾಗಿರುವ, ಲಾಭಕ್ಕಾಗಿ ನಡೆಯದ ಖಾಸಗಿ ಆಯೋಗಗಳು. ಕ್ಯಾಲಿಫೋರ್ನಿಯಾ, ಹವಾಯಿ ಕಡೆಯ ಕಮ್ಯೂನಿಟಿ ಕಾಲೇಜುಗಳನ್ನು ನೋಡಿಕೊಳ್ಳುವ ಆಯೋಗದ ಹೆಸರು ಎಸಿಸಿಜೆಸಿ. ಖಾಸಗಿ ತಾನೇ, ಬಿಡಿ ಅನ್ನೋ ಹಾಗಿಲ್ಲ. ಮಾನ್ಯತೆ ಇಲ್ಲದ ಕಾಲೇಜಿನ ವಿದ್ಯಾರ್ಥಿಗೆ ಬಡ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಕೊಡುವ ಪೆಲ್ ಗ್ರಾಂಟ್ ಸಿಗುವುದಿಲ್ಲ, ವಿದ್ಯಾರ್ಥಿ ಸಾಲವೂ ಇಲ್ಲ. ಗಳಿಸಿದ ಕ್ರೆಡಿಟ್‌ಗಳನ್ನು ಮುಂದಿನ ವಿಶ್ವವಿದ್ಯಾಲಯ ಒಪ್ಪಿಕೊಳ್ಳುವುದೂ ಕಷ್ಟ. ಬಡ ಮಕ್ಕಳೇ ಜಾಸ್ತಿ ಓದುವ ಕಾಲೇಜಿಗೆ ಮಾನ್ಯತೆ ಹೋಯಿತು ಅಂದರೆ ಬಾಗಿಲಿಗೆ ಬೀಗ ಬಿದ್ದ ಹಾಗೆಯೇ.

ಎಸಿಸಿಜೆಸಿ ಲೆಕ್ಕದಲ್ಲಿ ಏಳು ವರ್ಷಕ್ಕೊಮ್ಮೆ ಈ ಪರೀಕ್ಷೆ ಬರುತ್ತದೆ. ತಂಡ ಬರುವುದಕ್ಕೆ ಒಂದೂವರೆ ಎರಡು ವರ್ಷ ಮೊದಲೇ ಕಾಲೇಜಿನಲ್ಲಿ ಕೆಲಸ ಶುರು. ಮೊದಲು ಸ್ಟೀರಿಂಗ್ ಕಮಿಟಿ ಆಗುತ್ತದೆ. ಅದಕ್ಕೆ ಒಬ್ಬರೇ ಅಧ್ಯಕ್ಷರಿರುವುದು ಅಪರೂಪ. ಸಾಮಾನ್ಯವಾಗಿ ಅಧ್ಯಾಪಕರಲ್ಲಿ ಒಬ್ಬರು, ಆಡಳಿತದವರಲ್ಲಿ ಒಬ್ಬರು, ಎಷ್ಟೋ ಕಡೆ ಕಚೇರಿ ಸಿಬ್ಬಂದಿಯಿಂದ ಇನ್ನೊಬ್ಬರು, ಹೀಗೆ ಜೊತೆಯಾಗಿ ನಡೆಸುತ್ತಾರೆ. ಆಯೋಗದ ಮಾನದಂಡಗಳು ನಾಲ್ಕು. ಕಾಲೇಜಿನ ಗುರಿ ಮತ್ತು ಅದು ಎಷ್ಟು ಈಡೇರುತ್ತಿದೆ, ವಿದ್ಯಾರ್ಥಿಗಳ ಯಶಸ್ಸು, ಹಣ ಮತ್ತು ಸೌಲಭ್ಯ, ಆಡಳಿತ. ಒಂದೊಂದಕ್ಕೂ ಒಂದೊಂದು ಉಪಸಮಿತಿ. ವಿದ್ಯಾರ್ಥಿ ಪ್ರತಿನಿಧಿಗಳನ್ನೂ ಕೂರಿಸಿಕೊಳ್ಳುತ್ತಾರೆ.

ಇಷ್ಟೊಂದು ಸಮಿತಿ ಯಾಕೆ? ಚೆನ್ನಾಗಿ ಬರೆಯೋಕೆ ಬರುವವರೊಬ್ಬರು ಕೂತು ಬರೆದರೆ ಆಗಲ್ವಾ? ಆಗಲ್ಲ. ಕ್ಯಾಲಿಫೋರ್ನಿಯಾದಲ್ಲಂತೂ ಅಧ್ಯಾಪಕರನ್ನು ಸೇರಿಸಿಕೊಳ್ಳಬೇಕು ಅನ್ನುವುದು ನಿಯಮಗಳಲ್ಲೇ ಇದೆ. ಅಧ್ಯಾಪಕರ ಪ್ರತಿನಿಧಿ ಸಭೆಯಾದ ಸೆನೆಟ್ ಜೊತೆ ಆಡಳಿತ ಚರ್ಚಿಸಲೇಬೇಕಾದ ವಿಷಯಗಳ ಪಟ್ಟಿಯನ್ನು ಅಲ್ಲಿನವರು ‘ಟೆನ್ ಪ್ಲಸ್ ಒನ್’ ಅನ್ನುತ್ತಾರೆ. ಮಾನ್ಯತೆಯ ಕೆಲಸದಲ್ಲಿ, ಸೆಲ್ಫ್ ಸ್ಟಡಿಯಲ್ಲಿ ಅಧ್ಯಾಪಕರ ಪಾತ್ರ ಏನು ಅನ್ನುವುದು ಆ ಪಟ್ಟಿಯಲ್ಲಿದೆ. ಪ್ರಿನ್ಸಿಪಾಲರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮುಗಿಸುವ ಕೆಲಸ ಇದಲ್ಲ.

ನಿಯಮ ಹಾಗಿರಲಿ, ಸಮಿತಿಯ ನಿಜವಾದ ಉಪಯೋಗ ಕಾಣುವುದು ಮೊದಲ ಕರಡು ಮೇಜಿನ ಮೇಲೆ ಬಂದಾಗ. ಅದರಲ್ಲಿ ಹೀಗೊಂದು ವಾಕ್ಯ ಇದೆ ಅಂದುಕೊಳ್ಳಿ: ‘ವಿಭಾಗಗಳ ಅಗತ್ಯ ನೋಡಿಕೊಂಡೇ ಕಾಲೇಜು ಹಣ ಹಂಚುತ್ತದೆ.’ ಓದೋದಕ್ಕೆ ಚೆನ್ನಾಗಿದೆ. ಸಮಿತಿಯಲ್ಲಿ ಯಾರೋ ಕೇಳುತ್ತಾರೆ, ಇದಕ್ಕೆ ದಾಖಲೆ ಏನು? ನರ್ಸಿಂಗ್ ವಿಭಾಗ ತನ್ನ ಕೆಲಸವನ್ನು ತಾನೇ ನೋಡಿಕೊಂಡು ಬರೆಯುವ ವಿಭಾಗ ಪರಿಶೀಲನೆಯಲ್ಲಿ ಪ್ರಯೋಗಾಲಯಕ್ಕೆ ಹೊಸ ಮಾನವಾಕೃತಿ ಬೊಂಬೆ ಬೇಕು ಅಂತ ಬರೆದಿತ್ತು. ಆ ಕಾಗದ ಸಿಕ್ಕಿತು. ಬಜೆಟ್ ಸಮಿತಿಯ ಮುಂದೆ ಅದು ಬಂದಿತ್ತಾ? ಸಭೆಯ ನಡಾವಳಿ ತೆಗೆದು ನೋಡಿದರೆ ‘ಬೇಡಿಕೆಗಳನ್ನು ಚರ್ಚಿಸಲಾಯಿತು’ ಅಂತ ಒಂದೇ ಸಾಲು. ಯಾವ ಬೇಡಿಕೆ, ಯಾರದ್ದಕ್ಕೆ ಒಪ್ಪಿದರು, ಯಾಕೆ ಒಪ್ಪಿದರು, ಒಂದೂ ಇಲ್ಲ. ಬೊಂಬೆ ಬಂದಿದೆ, ಆದರೆ ಅದು ಬೇರೆ ಯಾವುದೋ ಅನುದಾನದಲ್ಲಿ ಬಂದದ್ದು. ಈಗ ಆ ವಾಕ್ಯ ನಿಜವೋ ಸುಳ್ಳೋ?

ಸೆಲ್ಫ್ ಸ್ಟಡಿಯ ಜೀವ ಇರುವುದು ಇಂಥ ಪ್ರಶ್ನೆಯಲ್ಲೇ. ನರ್ಸಿಂಗ್ ಮೇಡಂಗೆ ಒಂದು ತುದಿ ಗೊತ್ತು, ಲೆಕ್ಕಪತ್ರದವರಿಗೆ ಇನ್ನೊಂದು ತುದಿ ಗೊತ್ತು. ಇಬ್ಬರೂ ಒಂದೇ ಮೇಜಿಗೆ ಬರುವ ತನಕ ನಡುವೆ ಕೊಂಡಿ ಇಲ್ಲ ಅಂತ ಯಾರಿಗೂ ಕಾಣುವುದಿಲ್ಲ. ಆಮೇಲೆ ಎರಡು ದಾರಿ. ವಾಕ್ಯಕ್ಕೆ ಇನ್ನಷ್ಟು ಬಣ್ಣ ಬಳಿಯಬಹುದು. ಇಲ್ಲಾಂದ್ರೆ ‘ಇಲ್ಲಿ ನಮ್ಮ ವ್ಯವಸ್ಥೆ ಸಡಿಲ ಇದೆ, ಮುಂದಿನ ವರ್ಷದಿಂದ ಹೀಗೆ ಸರಿ ಮಾಡುತ್ತೇವೆ’ ಅಂತ ಬರೆದು, ನಿಜವಾಗಿಯೂ ಸರಿ ಮಾಡಬಹುದು. ತಂಡ ಬರೋದಕ್ಕೆ ಇನ್ನೂ ಒಂದು ವರ್ಷ ಇರುವಾಗಲೇ ಇದು ಸಿಕ್ಕಿಬಿದ್ದರೆ ಎರಡನೆಯ ದಾರಿ ಸುಲಭ. ತಡವಾದಷ್ಟೂ ಮೊದಲನೆಯದರ ಆಸೆ ಜಾಸ್ತಿ.

ತೇರ್ಗಡೆಯ ಅಂಕಿಅಂಶಗಳ ವಿಷಯವೂ ಹೀಗೆಯೇ. ಒಟ್ಟು ಸರಾಸರಿ ಚೆನ್ನಾಗಿರಬಹುದು. ಸಂಜೆ ತರಗತಿಯವರು, ಅರೆಕಾಲಿಕವಾಗಿ ಓದುವವರು, ಬೇರೆ ಬೇರೆ ಸಮುದಾಯದವರು ಅಂತ ಬಿಡಿಸಿ ನೋಡಿದಾಗಲೇ ಹುಳುಕು ಹೊರಗೆ ಬರುವುದು. ಹಾಗೆ ಬಿಡಿಸಿ ತೋರಿಸಿ ಅಂತ ಆಯೋಗವೂ ಕೇಳುತ್ತದೆ.

ಉಪಸಮಿತಿಗಳು ಕೊಟ್ಟದ್ದನ್ನೆಲ್ಲ ಒಬ್ಬರು ಸಂಪಾದಕರು ಒಂದು ದನಿಗೆ ತರುತ್ತಾರೆ. ಕರಡನ್ನು ಇಡೀ ಕಾಲೇಜಿನ ಮುಂದಿಟ್ಟು ಅಭಿಪ್ರಾಯ ಕೇಳುತ್ತಾರೆ. ಸೆನೆಟ್, ವಿದ್ಯಾರ್ಥಿ ಸಂಘ ನೋಡಿ, ಕೊನೆಗೆ ಟ್ರಸ್ಟಿಗಳ ಮಂಡಳಿಗೆ ಹೋಗುತ್ತದೆ. ಪರಿಶೀಲನೆಗೆ ಬರುವವರು ಇನ್ಸ್‌ಪೆಕ್ಟರುಗಳಲ್ಲ, ಇಂಥವೇ ಬೇರೆ ಕಾಲೇಜುಗಳ ಅಧ್ಯಾಪಕರು ಮತ್ತು ಆಡಳಿತಗಾರರು. ಈಗ ಎಸಿಸಿಜೆಸಿ ತಂಡ ಮೊದಲು ವರದಿ ಓದಿ, ಅನುಮಾನ ಬಂದ ಜಾಗಗಳನ್ನು ಪ್ರಶ್ನೆಗಳಾಗಿ ಕಳಿಸಿ, ಆಮೇಲೆ ಅಷ್ಟಕ್ಕೇ ಗಮನ ಕೊಟ್ಟು ಕಾಲೇಜಿಗೆ ಬಂದು ಹೋಗುತ್ತದೆ.

ಹೊರಗಿನವರು ತೋರಿಸಿದ ಹುಳುಕು ಹಾಗೇ ಉಳಿದರೆ ಏನಾಗುತ್ತದೆ ಅನ್ನೋದಕ್ಕೆ ಸಿಟಿ ಕಾಲೇಜ್ ಆಫ್ ಸ್ಯಾನ್ ಫ್ರಾನ್ಸಿಸ್ಕೋ ಪ್ರಕರಣ ಇದೆ. ಹತ್ತಾರು ಸಾವಿರ ವಿದ್ಯಾರ್ಥಿಗಳ ದೊಡ್ಡ ಕಾಲೇಜು. 2006ರಲ್ಲಿ ಬಂದಿದ್ದ ತಂಡ ಎತ್ತಿದ ವಿಷಯಗಳಲ್ಲಿ ಕೆಲವು 2012ರ ಭೇಟಿ ಹೊತ್ತಿಗೂ ಬಗೆಹರಿದಿರಲಿಲ್ಲ. ದೂರುಗಳಲ್ಲಿ ಹಣಕಾಸು ಮತ್ತು ಆಡಳಿತದ್ದೇ ದೊಡ್ಡ ಪಾಲು. ಮಾನ್ಯತೆ ಯಾಕೆ ಉಳಿಸಬೇಕು, ಕಾರಣ ತೋರಿಸಿ ಅಂತ ಆಯೋಗ ಕೇಳಿತು. 2013ರ ಜುಲೈನಲ್ಲಿ, ಮುಂದಿನ ವರ್ಷ ಮಾನ್ಯತೆ ರದ್ದು ಅಂತ ಹೇಳಿಯೂಬಿಟ್ಟಿತು. ವಿದ್ಯಾರ್ಥಿಗಳ ಸಂಖ್ಯೆ ಇಳಿಯಿತು. ನಗರಾಡಳಿತದ ಸರ್ಕಾರಿ ವಕೀಲರು ಆಯೋಗದ ವಿರುದ್ಧ ಕೋರ್ಟಿಗೆ ಹೋದರು. 2014ರ ಜನವರಿಯಲ್ಲಿ ಕೋರ್ಟು ರದ್ದತಿಗೆ ತಡೆ ಹಾಕಿತು. ಆಯೋಗವೂ ನಿಯಮ ಮೀರಿ ನಡೆದಿದೆ ಅಂತ ಆಮೇಲೆ ತೀರ್ಪು ಬಂತು. ಅಂತೂ 2017ರ ಜನವರಿಯಲ್ಲಿ ಏಳು ವರ್ಷದ ಪೂರ್ತಿ ಮಾನ್ಯತೆ ಮತ್ತೆ ಸಿಕ್ಕಿತು. ಯಾರದು ಎಷ್ಟು ತಪ್ಪು ಅಂತ ಅಲ್ಲಿನವರು ಇವತ್ತಿಗೂ ಒಂದೇ ಮಾತು ಆಡುವುದಿಲ್ಲ. ನನ್ನ ಮಟ್ಟಿಗೆ, ಆರು ವರ್ಷ ಕೈಯಲ್ಲಿದ್ದ ಪಟ್ಟಿಯನ್ನು ಮುಗಿಸದೆ ಬಿಟ್ಟದ್ದು ಕಾಲೇಜಿನ ಕಡೆಯ ದೊಡ್ಡ ಎಡವಟ್ಟು.

ಇನ್ನು ನಮ್ಮ ಕಡೆಗೆ ಬಂದರೆ, ನ್ಯಾಕ್ ಶುರುವಾದದ್ದು 1994ರಲ್ಲಿ. ಅದರ ಕೇಂದ್ರ ಕಚೇರಿ ಇರುವುದು ನಮ್ಮ ಬೆಂಗಳೂರಿನ ನಾಗರಭಾವಿಯಲ್ಲೇ. ಎಸಿಸಿಜೆಸಿಯದು ನಾಲ್ಕು ಮಾನದಂಡ, ನ್ಯಾಕ್ ಇಟ್ಟುಕೊಂಡು ಬಂದದ್ದು ಏಳು. ಅಲ್ಲಿ ಸ್ಟೀರಿಂಗ್ ಕಮಿಟಿ ಮಾಡುವ ಓಡಾಟವನ್ನು ಇಲ್ಲಿ ಹೆಚ್ಚಾಗಿ ಕಾಲೇಜಿನ ಒಳಗೇ ಗುಣಮಟ್ಟ ನೋಡಿಕೊಳ್ಳುವ ಐಕ್ಯೂಎಸಿ ಘಟಕ ಮಾಡುತ್ತದೆ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ನ್ಯಾಕ್ ಹಾಕಿಕೊಂಡು ಬಂದ ಎ ಪ್ಲಸ್ ಪ್ಲಸ್, ಬಿ ಪ್ಲಸ್ ಥರದ ಗ್ರೇಡು ಅಲ್ಲಿಲ್ಲ. ಮಾನ್ಯತೆ ಮುಂದುವರಿಯಿತು, ಎಚ್ಚರಿಕೆ ಬಂತು, ಪ್ರೊಬೇಶನ್‌ಗೆ (ನಿಗಾದಡಿ) ಹಾಕಿದರು, ಕಾರಣ ತೋರಿಸಿ ಅಂದರು, ಹೀಗೆ ಮೆಟ್ಟಿಲುಗಳಿವೆ. ಪಕ್ಕದ ಕಾಲೇಜಿಗಿಂತ ಅರ್ಧ ಅಂಕ ಜಾಸ್ತಿ ಬಂತು ಅಂತ ಗೇಟಿಗೆ ಬ್ಯಾನರ್ ಕಟ್ಟೋಕೆ ಆಗಲ್ಲ. ಹಾಗಾಗಿ ವರದಿಯಲ್ಲಿ ತನ್ನ ಕೊರತೆಯನ್ನು ತಾನೇ ಬರೆದುಕೊಳ್ಳುವ ಧೈರ್ಯ ಅಲ್ಲಿನ ಕಾಲೇಜಿಗೆ ಒಂಚೂರು ಸುಲಭವಾಗಿ ಬರುತ್ತದೆ. ಅಂಕ ಕಟ್ ಆಗುತ್ತೆ ಅನ್ನೋ ಕಡೆ ಯಾರು ತಾನೇ ಬರೆದುಕೊಳ್ಳುತ್ತಾರೆ?

ಅಮೆರಿಕದ ಆ ಕಾಲೇಜುಗಳಲ್ಲಿ ಎಲ್ಲ ಸುಸೂತ್ರವಾಗಿ ಮುಗಿದರೂ ಫೈಲು ಕಟ್ಟಿ ಅಟ್ಟಕ್ಕೆ ಎಸೆಯೋ ಹಾಗಿಲ್ಲ. ನಾಲ್ಕನೇ ವರ್ಷಕ್ಕೆ ಮಧ್ಯಾವಧಿ ವರದಿ ಕೊಡಬೇಕು. ಸರಿ ಮಾಡುತ್ತೇವೆ ಅಂತ ಬರೆದಿದ್ದೆಲ್ಲ ಎಲ್ಲಿಗೆ ಬಂತು ಅನ್ನುವುದನ್ನು ಅದರಲ್ಲಿ ಹೇಳಬೇಕು, ಮತ್ತೆ ದಾಖಲೆ ಸಮೇತ.