ಪದ ಪರಿಚಯ: ಪುನಶ್ಚೇತನ (ಲಕ್ವಾ ಹೊಡೆದವರು ಮನೆಗೆ ಬಂದ ಮೇಲೆ)

ಮೂರು ವರ್ಷದ ಹಿಂದೆ ಅವ್ವನಿಗೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಡಿಸ್ಚಾರ್ಜ್ ಕಾರ್ಡಿನಲ್ಲಿ ಗುಳಿಗೆಗಳ ಪಟ್ಟಿ, ಅದರ ಕೆಳಗೆ ಒಂದೇ ಸಾಲು: ‘ರಿಹ್ಯಾಬಿಲಿಟೇಶನ್ ಮುಂದುವರಿಸಿ’. ಯಾರು ಮಾಡಿಸಬೇಕು, ಹೇಗೆ, ಎಷ್ಟು ದಿನ ಅಂತ ಯಾರೂ ಹೇಳಲಿಲ್ಲ. ನಮಗೂ ಕೇಳಬೇಕು ಅಂತ ಹೊಳೆಯಲಿಲ್ಲ.

ಈ ಶಬ್ದಕ್ಕೆ ಸರಕಾರಿ ಕಾಗದಗಳಲ್ಲಿ ‘ಪುನರ್ವಸತಿ’ ಎಂದಿರುತ್ತದೆ. ನಮ್ಮ ಕಡೆಯವರಿಗೆ ಪುನರ್ವಸತಿ ಅಂದಕೂಡಲೇ ನೆನಪಾಗುವುದು ಆಲಮಟ್ಟಿಯ ಹಿನ್ನೀರು, ಮುಳುಗಡೆಯಾದ ಬಾಗಲಕೋಟೆ, ನವನಗರ. ಊರು ಕಳೆದುಕೊಂಡವರಿಗೆ ಬೇರೆ ಕಡೆ ಜಾಗ ಕೊಡುವುದು. ಲಕ್ವಾ ಹೊಡೆದವರು ಎಲ್ಲಿಗೂ ಹೋಗಬೇಕಾಗಿಲ್ಲ, ತಮ್ಮದೇ ಮನೆಯಲ್ಲಿ ಮತ್ತೆ ಓಡಾಡಬೇಕು. ಅದಕ್ಕೇ ನನಗೆ ‘ಪುನಶ್ಚೇತನ’ ಎಂಬ ಮಾತು ಹಿಡಿಸುತ್ತದೆ. ಇಂಗ್ಲಿಷ್ ಶಬ್ದದ ಬೇರು ಲ್ಯಾಟಿನ್ನಿನ ‘ಹ್ಯಾಬಿಲಿಸ್’. ಕೈಲಾಗುವವನು ಎಂದು ಅರ್ಥ. ಮತ್ತೆ ಕೈಲಾಗುವಂತೆ ಮಾಡುವುದೇ ಪುನಶ್ಚೇತನ.

ನಾವು ಇದನ್ನು ಆರೈಕೆ ಅಂದುಕೊಂಡೆವು. ಆರೈಕೆಯಲ್ಲಿ ಅವರ ಕೆಲಸ ನಾವು ಮಾಡುತ್ತೇವೆ. ಪುನಶ್ಚೇತನದಲ್ಲಿ ಅವರ ಕೆಲಸ ಅವರೇ ಮಾಡುತ್ತಾರೆ, ನಾವು ಪಕ್ಕದಲ್ಲಿರುತ್ತೇವೆ. ಅವ್ವ ಎದ್ದು ಕೂರಲು ನೋಡಿದರೆ ಅಣ್ಣ ಓಡಿಬರುತ್ತಿದ್ದ: ‘ನೀ ಸುಮ್ನ ಮಲಗವ್ವಾ, ನಾ ಮಾಡ್ತೇನಿ’. ಊಟ ಮಾಡಿಸಿದೆವು, ತಲೆ ಬಾಚಿದೆವು, ಬಲಗೈಯಿಂದ ಹಿಡಿಯಬಹುದಾಗಿದ್ದ ನೀರಿನ ಲೋಟವನ್ನೂ ಬಾಯಿಗೆ ಹಿಡಿದೆವು.

ಮೆದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಆ ಭಾಗದ ಜೀವಕೋಶಗಳು ಸಾಯುತ್ತವೆ. ಸತ್ತವು ತಿರುಗಿ ಹುಟ್ಟುವುದಿಲ್ಲ. ಆದರೆ ಉಳಿದ ಭಾಗಗಳು ಅವುಗಳ ಕೆಲಸವನ್ನು ಸ್ವಲ್ಪ ಸ್ವಲ್ಪ ಕಲಿಯಬಲ್ಲವು. ಕಲಿಯಬೇಕಾದರೆ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಬೇಕು, ಮಕ್ಕಳು ಅಕ್ಷರ ತಿದ್ದುವ ಹಾಗೆ. ಈ ಕಲಿಕೆ ಮೊದಲ ಮೂರು ತಿಂಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುತ್ತದೆ. ಅದರಲ್ಲಿ ಒಂದು ತಿಂಗಳನ್ನು ನಾವು ಪ್ರೀತಿಯಿಂದಲೇ ಹಾಳು ಮಾಡಿದೆವು. ಇವತ್ತಿಗೂ ಅದು ನನ್ನನ್ನು ಕೊರೆಯುತ್ತದೆ.

ಎರಡನೇ ತಿಂಗಳಿಂದ ಧಾರವಾಡದ ಒಬ್ಬ ಫಿಸಿಯೋಥೆರಪಿಸ್ಟ್ ವಾರಕ್ಕೆರಡು ಸಲ ಮನೆಗೆ ಬರತೊಡಗಿದರು. ಮೊದಲ ದಿನ ಅವರು ಅವ್ವನ ಕೈಕಾಲಿಗಿಂತ ಮುಂಚೆ ಮನೆಯನ್ನು ನೋಡಿದರು. ಜೋತುಬಿದ್ದ ನುಲಿ ಹೊರಸನ್ನು ತೆಗೆಸಿ, ಕೂತರೆ ಪಾದ ನೆಲಕ್ಕೆ ಮುಟ್ಟುವ ಎತ್ತರದ ಮಂಚ ಹಾಕಿಸಿದರು. ಬಚ್ಚಲಿನ ಗೋಡೆಗೆ ಹಿಡಿಕೆ, ಕೂತು ಸ್ನಾನ ಮಾಡಲು ಸ್ಟೂಲು, ಶೌಚಕ್ಕೆ ಕಮೋಡ್ ಕುರ್ಚಿ ಬಂದವು. ಎಬ್ಬಿಸುವಾಗ ಸೋತ ಕೈ ಹಿಡಿದು ಜಗ್ಗಲೇಬಾರದು ಎಂದರು. ಸ್ನಾಯು ಸಡಿಲಾದ ಭುಜ ಕೀಲಿನಿಂದ ಜಾರುತ್ತದೆ, ಆ ನೋವು ತಿಂಗಳುಗಟ್ಟಲೆ ಕಾಡುತ್ತದೆ. ಕುಪ್ಪಸ ತೊಡಿಸುವಾಗ ಸೋತ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ. ತಾವಾಗಿ ಹೊರಳಲು ಆಗದವರನ್ನು ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿ ಮಲಗಿಸಬೇಕು, ಇಲ್ಲದಿದ್ದರೆ ಬೆನ್ನಿಗೆ, ಸೊಂಟಕ್ಕೆ ಹುಣ್ಣಾಗುತ್ತದೆ.

ಒಂದು ಸಂಗತಿಯಂತೂ ನಮಗೆ ತಿಳಿದೇ ಇರಲಿಲ್ಲ. ಅವ್ವ ತಾಟಿನ ಎಡಗಡೆ ಬಡಿಸಿದ್ದನ್ನು ಮುಟ್ಟುತ್ತಿರಲಿಲ್ಲ. ಪಲ್ಯ ಸೇರುತ್ತಿಲ್ಲ ಅಂದುಕೊಂಡು ಪಲ್ಯ ಬದಲಿಸುತ್ತಾ ಹೋದೆವು. ಆಕೆಗೆ ಪೆಟ್ಟು ಬಿದ್ದಿದ್ದು ಮೆದುಳಿನ ಬಲಭಾಗಕ್ಕೆ. ಹಾಗಾದಾಗ ಕಣ್ಣು ಚೆನ್ನಾಗಿದ್ದರೂ ಎಡಗಡೆಯ ಕಡೆಗೆ ಗಮನವೇ ಹರಿಯದಿರಬಹುದು. ತಾಟನ್ನು ತಿರುಗಿಸಿದ್ದೇ ತಡ, ಬದನೆಕಾಯಿ ಪಲ್ಯ ಖಾಲಿ! ಆಮೇಲೆ ನಾವೆಲ್ಲ ಬೇಕಂತಲೇ ಎಡಕ್ಕೆ ಕೂತು ಮಾತಾಡಿಸತೊಡಗಿದೆವು. ಮೆದುಳಿನ ಎಡಭಾಗಕ್ಕೆ ಪೆಟ್ಟಾದವರಲ್ಲಿ ಬಹಳ ಜನರಿಗೆ ಮಾತು ತಪ್ಪುತ್ತದೆ. ಮಾತು ಹೋಯಿತೆಂದರೆ ಬುದ್ಧಿ ಹೋಯಿತು ಅಂತಲ್ಲ. ಅವರ ಎದುರಿಗೇ ಅವರ ಬಗ್ಗೆ ಇನ್ನೊಬ್ಬರ ಹತ್ತಿರ ಮಾತಾಡಬೇಡಿ.

ವ್ಯಾಯಾಮ ಅಂದರೆ ಅವ್ವನಿಗೆ ಬೇಸರ. ಚೆಂಡು ಹಿಚುಕು ಅಂದರೆ ಎರಡು ಸಲ ಹಿಚುಕಿ ಇಟ್ಟುಬಿಡುತ್ತಿದ್ದಳು. ಫಿಸಿಯೋ ಡಾಕ್ಟರ್ ಚೆಂಡು ಬಿಡಿಸಿ ಜೋಳದ ಹಿಟ್ಟು ಕೊಡಿಸಿದರು. ಎರಡೂ ಕೈ ಪರಾತದಲ್ಲಿ, ಬಲಗೈ ನಾದಬೇಕು, ಎಡಗೈ ಜೊತೆಗೆ ಹೋಗಬೇಕು. ಅರ್ಧ ತಾಸು ನಾದಿದಳು. ಜೀವಮಾನವೆಲ್ಲ ಮಾಡಿದ ಕೆಲಸ ಅಲ್ವಾ, ಕೈಗೆ ಅದರ ನೆನಪಿತ್ತು. ಎಂಟನೇ ತಿಂಗಳಲ್ಲಿ ರೊಟ್ಟಿ ಬಡಿದಳು. ಒಂದು ಕಡೆ ದಪ್ಪ, ಒಂದು ಕಡೆ ಹರಿದಿತ್ತು. ಅಣ್ಣ ಅದನ್ನೇ ಕೇಳಿ ಹಾಕಿಸಿಕೊಂಡ.

ಹಾಗಂತ ಎಲ್ಲವನ್ನೂ ಮನೆಯವರ ಮೇಲೆ ಹೊರಿಸಿದರೆ ಆಗುವುದಿಲ್ಲ. 2014ರಿಂದ 2016ರವರೆಗೆ ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳನ್ನು ಸೇರಿಸಿಕೊಂಡು ‘ಅಟೆಂಡ್’ ಎಂಬ ಅಧ್ಯಯನ ನಡೆಯಿತು. ಅರ್ಧದಷ್ಟು ರೋಗಿಗಳ ಮನೆಯವರಿಗೆ ತರಬೇತಿ ಕೊಟ್ಟು, ವ್ಯಾಯಾಮ ಅವರಿಂದಲೇ ಮಾಡಿಸಿದರು. ಆರು ತಿಂಗಳ ನಂತರ ನೋಡಿದರೆ ಎರಡೂ ಗುಂಪುಗಳಲ್ಲಿ ನೂರಕ್ಕೆ 47 ಮಂದಿ ಒಂದೋ ತೀರಿಕೊಂಡಿದ್ದರು, ಇಲ್ಲವೇ ಇನ್ನೊಬ್ಬರ ಆಸರೆಯಲ್ಲಿದ್ದರು. ವ್ಯತ್ಯಾಸ ಕಾಣಲಿಲ್ಲ. ನನಗೆ ತಿಳಿದ ಮಟ್ಟಿಗೆ ಇದರ ಅರ್ಥ ಇಷ್ಟೇ: ಮನೆಯವರ ಕೈ ಬೇಕೇಬೇಕು, ಆದರೆ ಕಲಿತವರ ಕೈಗೆ ಅದು ಬದಲಿಯಾಗದು. ಕುಂದಗೋಳ, ನವಲಗುಂದದ ಹಳ್ಳಿಗಳಿಂದ ವಾರವಾರ ಬಾಡಿಗೆ ಗಾಡಿಯಲ್ಲಿ ರೋಗಿಯನ್ನು ಹುಬ್ಬಳ್ಳಿಗೆ ತರುವವರ ಕಷ್ಟ ಕಂಡಾಗ, ಕಲಿತವರೇ ಮನೆಬಾಗಿಲಿಗೆ ಬರುವ ವ್ಯವಸ್ಥೆ ಎಷ್ಟು ಬೇಕು ಅನ್ನಿಸುತ್ತದೆ.

ಇನ್ನು ನಾಟಿ ಔಷಧಿ. ಲಕ್ವಾಕ್ಕೆ ಔಷಧಿ ಕೊಡುವ ಊರು ಎಲ್ಲ ತಾಲೂಕಿನಲ್ಲೂ ಒಂದಿರುತ್ತದೆ. ಹೋಗುವವರನ್ನು ಬೈಯುವುದಿಲ್ಲ, ಆಸೆ ಯಾರಿಗಿಲ್ಲ? ಆದರೆ ಅದನ್ನು ನಂಬಿ ಬಿಪಿ ಗುಳಿಗೆ, ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಗುಳಿಗೆ ಬಿಟ್ಟರೆ ಎರಡನೇ ಸಲ ಹೊಡೆಯುವ ಅಪಾಯ ಹೆಚ್ಚುತ್ತದೆ. ಡಾಕ್ಟರನ್ನು ಕೇಳದೆ ಒಂದು ಗುಳಿಗೆಯನ್ನೂ ನಿಲ್ಲಿಸಬೇಡಿ.

ನಿಮ್ಮ ಮನೆಯವರು ಈಗ ಆಸ್ಪತ್ರೆಯಲ್ಲಿದ್ದರೆ, ಬಿಲ್ ಕಟ್ಟುವ ಮುಂಚೆಯೇ ಫಿಸಿಯೋ ಡಾಕ್ಟರನ್ನು ಹಾಸಿಗೆ ಹತ್ತಿರ ಕರೆಯಿರಿ. ಎಬ್ಬಿಸುವುದು, ಕೂರಿಸುವುದು, ಹೊರಳಿಸುವುದನ್ನು ನಿಮ್ಮ ಕೈಯಿಂದಲೇ ಒಂದು ಸಲ ಮಾಡಿಸಲು ಕೇಳಿ, ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ. ನೀರು ಕುಡಿಯುವಾಗ ಕೆಮ್ಮು ಬರುತ್ತಿದ್ದರೆ ಅದನ್ನೂ ಅಲ್ಲೇ ಹೇಳಿ. ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು.